ಸಿರೋಸಿಸ್ ಇದ್ದವರ ನೋವು: ಯಾವ ಮಾತ್ರೆ, ಎಷ್ಟು, ಯಾವಾಗ ಆಸ್ಪತ್ರೆ?

ಮನೆಯಲ್ಲಿ ಯಾರಿಗಾದರೂ ಲಿವರ್ ಸಿರೋಸಿಸ್ ಎಂದು ಗೊತ್ತಾದ ಮೇಲೆ ಔಷಧಿ ಚೀಟಿ ಉದ್ದವಾಗುತ್ತಾ ಹೋಗುತ್ತದೆ. ಹೊಟ್ಟೆಯ ನೀರು ಇಳಿಸಲು ಒಂದು ಮಾತ್ರೆ, ಮಲ ಸಡಿಲವಾಗಲು ಒಂದು ಸಿರಪ್, ರಕ್ತನಾಳದ ಒತ್ತಡ ತಗ್ಗಿಸಲು ಇನ್ನೊಂದು ಮಾತ್ರೆ. ಆದರೆ ಸೊಂಟ ನೋಯುತ್ತಿದ್ದರೆ, ಮಂಡಿ ಬಾತಿದ್ದರೆ, ನಡುರಾತ್ರಿ ಮೀನಖಂಡ ಹಿಡಿದುಕೊಂಡು ನಿದ್ದೆ ಕೆಟ್ಟರೆ ಏನು ತೆಗೆದುಕೊಳ್ಳಬೇಕು ಎಂಬುದು ಹೆಚ್ಚಿನ ಚೀಟಿಗಳಲ್ಲಿ ಇರುವುದಿಲ್ಲ. ರೋಗಿಯೂ ಕೇಳುವುದಿಲ್ಲ. ಲಿವರೇ ಕೆಟ್ಟಿರುವಾಗ ಮಂಡಿನೋವಿನ ಮಾತೇಕೆ ಎಂದು ಸುಮ್ಮನಾಗುತ್ತಾರೆ.

ಆಮೇಲೆ ಉಳಿಯುವುದು ಎರಡೇ ದಾರಿ. ಹಲ್ಲು ಕಚ್ಚಿ ಸಹಿಸುವುದು, ಇಲ್ಲವೇ ಮಗನನ್ನು ಮೆಡಿಕಲ್ ಶಾಪಿಗೆ ಕಳಿಸಿ 'ನೋವಿಗೊಂದು ಮಾತ್ರೆ' ತರಿಸುವುದು. ಎರಡೂ ಕೆಡುಕು. ಸಹಿಸುತ್ತಾ ಕುಳಿತವರ ನಿದ್ದೆ ಕೆಡುತ್ತದೆ, ಊಟ ಇಳಿಯುತ್ತದೆ, ನಡಿಗೆ ನಿಲ್ಲುತ್ತದೆ, ಮೈಯ ಸ್ನಾಯು ಕರಗುತ್ತದೆ. ಅಂಗಡಿಯ ಮಾತ್ರೆ ನುಂಗಿದವರಲ್ಲಿ ಕೆಲವರು ವಾರದೊಳಗೆ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರುತ್ತಾರೆ. ಸಿರೋಸಿಸ್ ರೋಗಿಯ ನೋವಿಗೂ ಸುರಕ್ಷಿತ ಚಿಕಿತ್ಸೆ ಇದೆ. ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ಮೊದಲು, ಒಳಗೆ ನಡೆಯುವುದೇನು?

ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಇವು ವರ್ಷಗಟ್ಟಲೆ ಗಾಯ ಮಾಡುತ್ತಾ ಹೋದಾಗ ಮೃದುವಾದ ಯಕೃತ್ತು ಕಲೆಗಟ್ಟಿ ಗಡುಸಾಗುತ್ತದೆ. ಅದೇ ಸಿರೋಸಿಸ್. ಕರುಳಿನಿಂದ ಬರುವ ರಕ್ತವೆಲ್ಲ ಯಕೃತ್ತಿನ ಮೂಲಕವೇ ಹಾದು ಹೋಗಬೇಕು. ಕಾಲುವೆಗೆ ಮಣ್ಣು ಕುಸಿದರೆ ನೀರು ಬದುವಿನ ಮೇಲೆ ಹರಿಯುವಂತೆ, ದಾರಿ ಕಟ್ಟಿದ ರಕ್ತ ಅಕ್ಕಪಕ್ಕದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅನ್ನನಾಳದ ಒಳಗೆ ರಕ್ತನಾಳಗಳು ಉಬ್ಬುತ್ತವೆ, ಗುಲ್ಮ ದೊಡ್ಡದಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುತ್ತದೆ. ಶುದ್ಧಿಯಾಗದೆ ಉಳಿದ ಅಮೋನಿಯಾದಂಥ ವಸ್ತುಗಳು ಮಿದುಳಿಗೆ ಹೋಗಿ ಮಂಪರು, ಗೊಂದಲ ತರುತ್ತವೆ.

ನೋವಿನ ಮಾತ್ರೆಯ ವಿಷಯಕ್ಕೆ ಇಲ್ಲಿ ಮೂರು ಸಂಗತಿ ಮುಖ್ಯ. ಅನೇಕ ಔಷಧಗಳನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನದು. ಅದು ನಿಧಾನವಾದರೆ ಔಷಧ ಮೈಯಲ್ಲೇ ಶೇಖರವಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಿರುತ್ತದೆ. ಮೂರನೆಯದನ್ನು ಬಹಳ ಮಂದಿ ಕೇಳಿಯೇ ಇರುವುದಿಲ್ಲ: ಸಿರೋಸಿಸ್ ಮುಂದುವರಿದವರ ಕಿಡ್ನಿ, ಪರೀಕ್ಷೆಯಲ್ಲಿ ಸರಿಯಿದೆ ಎಂದು ಬಂದರೂ, ಒಂದು ಸಣ್ಣ ಪೆಟ್ಟಿಗೆ ಕುಸಿಯುವ ಸ್ಥಿತಿಯಲ್ಲಿರುತ್ತದೆ.

ನೋವು ಎಲ್ಲಿಯದು?

ಮಾತ್ರೆ ಯಾವುದು ಎಂದು ಕೇಳುವ ಮುನ್ನ ನೋವಿನ ಮೂಲ ಯಾವುದು ಎಂದು ಕೇಳಬೇಕು. ಸಿರೋಸಿಸ್‌ನಲ್ಲಿ ಅನೇಕ ನೋವುಗಳಿಗೆ ಮದ್ದು ನೋವಿನ ಮಾತ್ರೆಯೇ ಅಲ್ಲ.

ಹೊಟ್ಟೆ ಬಿಗಿದು, ಬೆನ್ನು ಎಳೆದು, ಉಸಿರಾಡಲೂ ಕಷ್ಟವಾದರೆ ಅದು ತುಂಬಿದ ನೀರಿನ ಭಾರ. ಉಪ್ಪು ಕಡಿಮೆ ಮಾಡಿ, ನೀರಿಳಿಸುವ ಮಾತ್ರೆ ಸರಿಹೊಂದಿಸಿ, ಬೇಕಾದರೆ ಸೂಜಿ ಹಾಕಿ ನೀರು ತೆಗೆದರೆ ನೋವೂ ಇಳಿಯುತ್ತದೆ. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದಾಗ ಆಲ್ಬುಮಿನ್ ಡ್ರಿಪ್ ಕೊಡಬೇಕಾಗುತ್ತದೆ. ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕ. ಅದು ದುಬಾರಿ ನಿಜ, ಆದರೆ ಬಿಟ್ಟರೆ ಕಿಡ್ನಿಗೆ ಪೆಟ್ಟು. ಆದ್ದರಿಂದ 'ಬರೀ ನೀರು ತೆಗೆದುಬಿಡಿ ಸಾಕು' ಎಂದು ಒತ್ತಾಯಿಸಬೇಡಿ.

ಹೊಕ್ಕುಳ ಹರ್ನಿಯಾ ಕೂಡ ನೀರಿನ ಒತ್ತಡದಿಂದಲೇ ಬರುತ್ತದೆ. ಮಲ ಸಡಿಲಗೊಳಿಸುವ ಲ್ಯಾಕ್ಟುಲೋಸ್ ಸಿರಪ್ ಕುಡಿಯುವವರಿಗೆ ಹೊಟ್ಟೆಯುಬ್ಬರ, ಮುರಿತ ಸಾಮಾನ್ಯ. ಅದಕ್ಕೆ ಪ್ರಮಾಣ ಬದಲಿಸಬೇಕೇ ಹೊರತು ಸಿರಪ್ ನಿಲ್ಲಿಸಬಾರದು. ನೀರಿಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯಿಂದ ಕೆಲವು ಗಂಡಸರಿಗೆ ಎದೆಯ ತೊಟ್ಟಿನ ಭಾಗ ಊದಿ ನೋಯುತ್ತದೆ. ಹೇಳಿಕೊಳ್ಳಲು ನಾಚಿ ಎಷ್ಟೋ ಜನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಬದಲಿ ಮಾತ್ರೆ ಇದೆ, ವೈದ್ಯರಿಗೆ ಹೇಳಿ. ಪಾದದ ಉರಿ, ಜುಮುಗುಟ್ಟುವಿಕೆ ಇದ್ದರೆ ಸಕ್ಕರೆ ಕಾಯಿಲೆಯಿಂದಲೋ ಹಿಂದಿನ ಕುಡಿತದಿಂದಲೋ ನರಗಳು ಸೋತಿರಬಹುದು. ದಿಢೀರನೆ ಬಂದ ಬೆನ್ನುನೋವನ್ನು ವಯಸ್ಸಿನದೆಂದು ಬಿಡಬೇಡಿ. ಸಿರೋಸಿಸ್‌ನಲ್ಲಿ ಮೂಳೆ ಸವೆಯುತ್ತದೆ, ಬೆನ್ನುಮೂಳೆ ಸಣ್ಣ ಎಳೆತಕ್ಕೂ ಕುಸಿಯಬಹುದು. ಬಲಪಕ್ಕೆಯಲ್ಲಿ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ನೋವಿಗೆ ಸ್ಕ್ಯಾನಿಂಗ್ ಆಗಲೇಬೇಕು. ಸಿರೋಸಿಸ್ ಇರುವವರಿಗೆ ಯಕೃತ್ತಿನ ಕ್ಯಾನ್ಸರ್ ಸಾಧ್ಯತೆ ಹೆಚ್ಚು, ಅದಕ್ಕಾಗಿಯೇ ನೋವಿಲ್ಲದಿದ್ದರೂ 6 ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುವ ಪದ್ಧತಿ ಇದೆ.

ಮಾತ್ರೆಗಳ ಲೆಕ್ಕ

1. ಪ್ಯಾರಾಸಿಟಮಾಲ್: ಅಳತೆಯಲ್ಲಿದ್ದರೆ ಮೊದಲ ಆಯ್ಕೆ.

ಇದನ್ನು ಓದಿ ಅನೇಕರು ಹುಬ್ಬೇರಿಸಬಹುದು. ಪ್ಯಾರಾಸಿಟಮಾಲ್ ಲಿವರಿಗೆ ಕೆಟ್ಟದ್ದು ಎಂಬುದು ಎಲ್ಲರ ಬಾಯಲ್ಲಿದೆ. ಅತಿಯಾದರೆ ಹೌದು. ಮೈಗೆ ಹೋದ ಪ್ಯಾರಾಸಿಟಮಾಲ್‌ನ ಸಣ್ಣ ಪಾಲು ಯಕೃತ್ತಿನಲ್ಲಿ ವಿಷವಸ್ತುವಾಗುತ್ತದೆ; ಗ್ಲುಟಾಥಯೋನ್ ಎಂಬ ವಸ್ತು ಆ ವಿಷವನ್ನು ಹಿಡಿದು ನಿರಪಾಯಗೊಳಿಸುತ್ತದೆ. ಒಮ್ಮೆಲೇ ಬಹಳ ನುಂಗಿದರೆ ಗ್ಲುಟಾಥಯೋನ್ ಮುಗಿದು ಯಕೃತ್ತು ಸುಡುತ್ತದೆ. ಸಿರೋಸಿಸ್ ರೋಗಿಯಲ್ಲೂ ಸಣ್ಣ ಪ್ರಮಾಣವನ್ನು ಹೀಗೆ ನಿಭಾಯಿಸುವ ಶಕ್ತಿ ಉಳಿದಿರುತ್ತದೆ. ಅಮೆರಿಕದ ಯಕೃತ್ ರೋಗ ತಜ್ಞರ ಸಂಘ 2022ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ, ಮುಂದುವರಿದ ಸಿರೋಸಿಸ್‌ನಲ್ಲೂ ಪ್ಯಾರಾಸಿಟಮಾಲನ್ನೇ ಮೊದಲ ಆಯ್ಕೆ ಎನ್ನುತ್ತದೆ. ಮಿತಿ ದಿನಕ್ಕೆ 2 ಗ್ರಾಂ.

ಲೆಕ್ಕ ಹೀಗೆ. 500 ಮಿಲಿಗ್ರಾಂ ಮಾತ್ರೆಯಾದರೆ 24 ಗಂಟೆಯಲ್ಲಿ ಹೆಚ್ಚೆಂದರೆ 4, ಒಂದಕ್ಕೂ ಇನ್ನೊಂದಕ್ಕೂ 6 ಗಂಟೆ ಅಂತರ. ನಮ್ಮಲ್ಲಿ ಮನೆಮನೆಯಲ್ಲಿರುವ 650ರ ಮಾತ್ರೆಯಾದರೆ 3 ಮಾತ್ರ, 8 ಗಂಟೆಗೊಂದು. ಈಗಲೂ ಕುಡಿಯುತ್ತಿರುವವರು, ಊಟ ಬಿಟ್ಟು ತೀರಾ ಸೊರಗಿದವರು ಇಷ್ಟನ್ನೂ ತಾವಾಗಿ ತೆಗೆದುಕೊಳ್ಳಬಾರದು. ಅವರ ಯಕೃತ್ತಿನಲ್ಲಿ ವಿಷ ಹೆಚ್ಚು ತಯಾರಾಗುತ್ತದೆ, ಗ್ಲುಟಾಥಯೋನ್ ಕಡಿಮೆಯಿರುತ್ತದೆ. ಶೀತ, ಜ್ವರದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ನೀರಿಗೆ ಹಾಕಿದರೆ ಬುರುಬುರು ನೊರೆ ಬರುವ ಮಾತ್ರೆ ಬೇಡ, ಅದರಲ್ಲಿ ಉಪ್ಪಿನಂಶವಾದ ಸೋಡಿಯಂ ಬಹಳ.

2. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನಿಮೆಸುಲೈಡ್, ನ್ಯಾಪ್ರೊಕ್ಸೆನ್, ಮೆಫೆನಮಿಕ್ ಆ್ಯಸಿಡ್, ಕೆಟೊರೊಲ್ಯಾಕ್: ಇವು ಬೇಡ.

ನಿಜವಾದ ಅಪಾಯ ಇರುವುದು ಇಲ್ಲಿ. ಸಿರೋಸಿಸ್‌ನಲ್ಲಿ ಹೊಟ್ಟೆಯ ರಕ್ತನಾಳಗಳು ಹಿಗ್ಗಿ ರಕ್ತವೆಲ್ಲ ಅಲ್ಲೇ ನಿಲ್ಲುತ್ತದೆ, ಕಿಡ್ನಿಗೆ ಸಾಲದಾಗುತ್ತದೆ. ಆಗ ಕಿಡ್ನಿಯು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವಿನ ಬಲದಿಂದ ತನ್ನ ಬಾಗಿಲಿನ ರಕ್ತನಾಳವನ್ನು ತೆರೆದಿಟ್ಟುಕೊಂಡಿರುತ್ತದೆ. ಈ ಗುಂಪಿನ ಮಾತ್ರೆಗಳು ನೋವು ತಗ್ಗಿಸುವುದೇ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು ತಡೆದು. ಮಂಡಿಯ ಉರಿಯೂತ ಇಳಿಯುತ್ತದೆ, ಅದೇ ಹೊತ್ತಿಗೆ ಕಿಡ್ನಿಯ ಬಾಗಿಲೂ ಮುಚ್ಚುತ್ತದೆ. ಮೂತ್ರ ಕಡಿಮೆಯಾಗುತ್ತದೆ, ನೀರಿಳಿಸುವ ಮಾತ್ರೆ ಕೆಲಸ ಮಾಡುವುದಿಲ್ಲ, ಹೊಟ್ಟೆ ಮತ್ತೆ ಉಬ್ಬುತ್ತದೆ. ಜಠರದಲ್ಲಿ ಹುಣ್ಣಾಗಿ ರಕ್ತ ಸೋರಿದರೆ, ಪ್ಲೇಟ್‌ಲೆಟ್ ಮೊದಲೇ ಕಡಿಮೆಯಿರುವವರಲ್ಲಿ ನಿಲ್ಲಿಸುವುದು ಕಷ್ಟ.

ಈ ಔಷಧಗಳು ನಮ್ಮ ಅಂಗಡಿಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಸೇರಿ ಒಂದೇ ಮಾತ್ರೆಯಾಗಿ ಬರುತ್ತವೆ. ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಏನೇನು ಸೇರಿದೆ ಎಂದು ಓದಿ, ಓದಲಾಗದಿದ್ದರೆ ಅಂಗಡಿಯವರಿಂದ ಓದಿಸಿ. ಪ್ಯಾರಾಸಿಟಮಾಲ್ ಒಂದೇ ಹೆಸರು ಇರಬೇಕು. ಹೃದಯಕ್ಕಾಗಿ ದಿನವೂ ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬೇಡಿ. ಹೃದಯ ಮತ್ತು ಯಕೃತ್ತಿನ ವೈದ್ಯರಿಬ್ಬರೂ ಸೇರಿ ತೀರ್ಮಾನಿಸಬೇಕಾದ ವಿಷಯ ಅದು.

3. ನರದ ನೋವಿಗೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಕೊಡುವುದುಂಟು. ಇವು ಯಕೃತ್ತಿಗೆ ಹೊರೆಯಾಗದೆ ಮೂತ್ರದಲ್ಲಿ ಹೋಗುತ್ತವೆ. ಆದರೆ ತೂಕಡಿಕೆ ತರುತ್ತವೆ, ಕಿಡ್ನಿ ನೋಡಿಕೊಂಡು ಪ್ರಮಾಣ ಇಳಿಸಬೇಕು. ಡ್ಯುಲೊಕ್ಸೆಟಿನ್ ಎಂಬ ಇನ್ನೊಂದು ನರನೋವಿನ ಔಷಧ ಸಿರೋಸಿಸ್‌ನಲ್ಲಿ ಸಲ್ಲದು.

4. ಟ್ರಮಡಾಲ್, ಕೊಡೀನ್, ಮಾರ್ಫೀನ್. ಟ್ರಮಡಾಲ್ ಮತ್ತು ಕೊಡೀನ್ ಸರಿಯಾಗಿ ಕೆಲಸ ಮಾಡಬೇಕಾದರೆ ಯಕೃತ್ತು ಅವನ್ನು ಬದಲಾಯಿಸಬೇಕು; ಅದಕ್ಕೇ ಪರಿಣಾಮ ಒಬ್ಬರಲ್ಲಿ ಒಂದೊಂದು ರೀತಿ. ಮಾರ್ಫೀನ್ ಮೈಯಲ್ಲಿ ಉಳಿದುಬಿಡುತ್ತದೆ. ಮೂರೂ ಮಲಬದ್ಧತೆ ತರುತ್ತವೆ, ಮಲ ಕಟ್ಟಿದರೆ ಅಮೋನಿಯಾ ಏರಿ ಮಂಪರು ಕವಿಯುತ್ತದೆ. ನೋವು ತೀವ್ರವಾಗಿದ್ದು ಬೇರೆ ದಾರಿಯಿಲ್ಲ ಎಂದಾಗ, ತಜ್ಞರು ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ, ಲ್ಯಾಕ್ಟುಲೋಸ್ ಜೊತೆಗೇ ಕೊಡುತ್ತಾರೆ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಟ್ರಮಡಾಲ್ ತಂದು ನುಂಗುವುದು ತೀರಾ ಅಪಾಯ.

ರಾತ್ರಿ ಕಾಲು ಹಿಡಿದುಕೊಂಡರೆ

ಸ್ನಾಯು ಸೆಳೆತ ಸಿರೋಸಿಸ್‌ನಲ್ಲಿ ಬಹಳ ಮಂದಿಯನ್ನು ಕಾಡುತ್ತದೆ. ಇದರಿಂದ ಪ್ರಾಣಾಪಾಯವಿಲ್ಲವೆಂದು ವೈದ್ಯರೂ ಹೆಚ್ಚು ಕೇಳುವುದಿಲ್ಲ, ರೋಗಿಗೆ ಮಾತ್ರ ರಾತ್ರಿಯೆಲ್ಲ ಜಾಗರಣೆ. ಆ ಕ್ಷಣಕ್ಕೆ ಹೀಗೆ ಮಾಡಿ: ಕಾಲು ನೀಡಿ ಕುಳಿತು ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ನಿಧಾನ ಎಳೆದು ಹಿಡಿಯಿರಿ, ಮೀನಖಂಡ ಸಡಿಲವಾಗುವವರೆಗೆ ಬಿಡಬೇಡಿ. ಮರುದಿನ ವೈದ್ಯರನ್ನು ಕಂಡಾಗ ಪೊಟ್ಯಾಶಿಯಂ, ಮೆಗ್ನೀಶಿಯಂ ಪರೀಕ್ಷೆ ಮಾಡಿಸಿ. ನೀರಿಳಿಸುವ ಮಾತ್ರೆ ಇವನ್ನು ತಗ್ಗಿಸಿರಬಹುದು. ಕಡಿಮೆಯಾಗದಿದ್ದರೆ ಟಾರೀನ್, ಬ್ಯಾಕ್ಲೊಫೆನ್‌ನಂಥ ಔಷಧಗಳಿವೆ. ಬ್ಯಾಕ್ಲೊಫೆನ್ ಮಂಪರು ತರಬಹುದಾದ್ದರಿಂದ ಅದು ವೈದ್ಯರ ಕೈಯಲ್ಲೇ ಇರಲಿ.

ಕುತೂಹಲದ ಸಂಗತಿಯೊಂದಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸೆಳೆತ ಶುರುವಾದೊಡನೆ ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರನ್ನು ಒಂದು ಗುಟುಕು ಕುಡಿದವರಿಗೆ, ಬರೀ ನೀರು ಕುಡಿದವರಿಗಿಂತ ನೋವಿನ ತೀವ್ರತೆ ಕಡಿಮೆಯಾಯಿತು. ಗಂಟಲಿಗೆ ಹುಳಿ ತಾಕಿದಾಗ ಏಳುವ ನರದ ಸಂಕೇತವೇ ಸೆಳೆತ ಬಿಡಿಸುತ್ತದೆ ಎಂಬುದು ವಿವರಣೆ. ಅವರು ಬಳಸಿದ್ದು ವಿನೆಗರ್ ನೀರು. ನಮ್ಮ ಮಾವಿನ ಮಿಡಿಯ ಉಪ್ಪಿನಕಾಯಿ ರಸ ಅಲ್ಲ. ಇದನ್ನೇ ನೆಪಮಾಡಿಕೊಂಡು ಊಟದ ಎಲೆಗೆ ಉಪ್ಪಿನಕಾಯಿ ಬಡಿಸಬೇಡಿ.

ತಟ್ಟೆ, ನಡಿಗೆ, ಕಾವು

ಇಡೀ ದಿನದ ಅಡುಗೆಯಲ್ಲಿ ರೋಗಿಯ ಪಾಲಿನ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ, ಬೇಕರಿ ಖಾರ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಅದು ಪೊಟ್ಯಾಶಿಯಂ ಏರಿಸಿ ಹೃದಯದ ಬಡಿತ ಕೆಡಿಸಬಲ್ಲದು, ತರಬೇಡಿ. ಹೊಟ್ಟೆಯುಬ್ಬರಕ್ಕೆ ನೀರಿನಲ್ಲಿ ಕದಡಿ ಕುಡಿಯುವ ಗ್ಯಾಸ್ ಪುಡಿಯೂ ಬೇಡ, ಅದು ಸೋಡಾ, ಅದರಲ್ಲೂ ಸೋಡಿಯಂ ಇದೆ.

ಬೇಳೆ, ಮೊಟ್ಟೆ, ಮೊಸರು ನಿಲ್ಲಿಸಿ ಬರೀ ಗಂಜಿ ಕೊಡುವ ಹಳೆಯ ಪಥ್ಯವನ್ನು ಇಂದಿಗೂ ಎಷ್ಟೋ ಮನೆಗಳಲ್ಲಿ ಪಾಲಿಸುತ್ತಾರೆ. ಅದರಿಂದ ನಷ್ಟವೇ ಹೆಚ್ಚು. ಸಿರೋಸಿಸ್ ರೋಗಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ಯಕೃತ್ತು ಸೋತಾಗ ಅಮೋನಿಯಾವನ್ನು ಸ್ವಲ್ಪಮಟ್ಟಿಗೆ ಸ್ನಾಯುಗಳು ಅರಗಿಸುತ್ತವೆ; ಸ್ನಾಯು ಕರಗಿದರೆ ಮಂಪರೂ ಹೆಚ್ಚು, ಬೆನ್ನು ಮಂಡಿಗಳ ನೋವೂ ಹೆಚ್ಚು. ಹೆಸರುಕಾಳು, ಬೇಳೆ, ಮೊಸರು, ಹಾಲು, ಮೊಟ್ಟೆಯ ಬಿಳಿ, ಸೋಯಾ, ತಿನ್ನುವವರಿಗೆ ಬೇಯಿಸಿದ ಮೀನು, ಕೋಳಿ, ಎಲ್ಲವೂ ಸರಿ. ರಾತ್ರಿ ಮಲಗುವ ಮುನ್ನ ಒಂದು ಲೋಟ ರಾಗಿ ಅಂಬಲಿಗೆ ಮೊಸರು ಬೆರೆಸಿಯೋ, ಎರಡು ಇಡ್ಲಿಯೋ ಕೊಡಿ. ಗಡುಸಾದ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ರಾತ್ರಿಯ ಖಾಲಿಹೊಟ್ಟೆಯಲ್ಲಿ ದೇಹ ಸ್ನಾಯುವನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳ ವಿಷಯದಲ್ಲಿ ಮನೆಯ ಹಿರಿಯರಿಗೆ ಇದನ್ನು ಗೌರವದಿಂದ ತಿಳಿಸಿ ಹೇಳಿ.

ನಿತ್ಯ ಸ್ವಲ್ಪ ನಡೆಯಲಿ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ಕೆಲವು ಸಲ ಮಾಡಲಿ. ಭಾರ ಎತ್ತುವುದು ಬೇಡ. ಬಿಸಿನೀರಿನ ಚೀಲದ ಕಾವು ಮಂಡಿಗೆ, ಸೊಂಟಕ್ಕೆ ಹಿತ. ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ, ಅವರಿಗೆ ಬಟ್ಟೆ ಸುತ್ತಿಯೇ ಇಡಬೇಕು. ಲಿಡೊಕೇನ್ ಪಟ್ಟಿ, ಮುಲಾಮು ಉಪಯೋಗಕ್ಕೆ ಬರುತ್ತವೆ. ಡೈಕ್ಲೊಫೆನಾಕ್ ಜೆಲ್ ಮಾತ್ರೆಯಷ್ಟು ರಕ್ತಕ್ಕೆ ಸೇರುವುದಿಲ್ಲ. ಆದರೂ ಜಲೋದರ ಇದ್ದವರು ಕೇಳದೆ ಹಚ್ಚಬೇಡಿ.

ಪದೇ ಪದೇ ಆಗುವ ತಪ್ಪುಗಳು

- ಗ್ಯಾಸ್ ಮಾತ್ರೆ ಜೊತೆಗೆ ತೆಗೆದುಕೊಂಡರೆ ನೋವಿನ ಮಾತ್ರೆ ಏನೂ ಮಾಡದು ಎಂಬ ನಂಬಿಕೆ. ಪ್ಯಾಂಟೊಪ್ರಜೋಲ್ ಜಠರಕ್ಕೆ ಒಂದಿಷ್ಟು ರಕ್ಷಣೆ ಕೊಟ್ಟೀತು, ಕಿಡ್ನಿಗೆ ಕೊಡುವುದಿಲ್ಲ. ಈ ಗ್ಯಾಸ್ ಮಾತ್ರೆಯನ್ನು ಕಾರಣವಿಲ್ಲದೆ ದೀರ್ಘಕಾಲ ತೆಗೆದುಕೊಂಡರೆ ಸಿರೋಸಿಸ್‌ನಲ್ಲಿ ಸೋಂಕಿನ ಸಾಧ್ಯತೆ ಹೆಚ್ಚು.

- ಊರಿನ ಕ್ಲಿನಿಕ್ಕಿನಲ್ಲಿ 'ಒಂದು ಸೂಜಿ' ಹಾಕಿಸಿಕೊಳ್ಳುವುದು. ನೋವಿನ ಸೂಜಿ ಹೆಚ್ಚಾಗಿ ಡೈಕ್ಲೊಫೆನಾಕೇ ಆಗಿರುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಸೂಜಿ ಚುಚ್ಚಿದಲ್ಲೇ ಒಳಗೆ ರಕ್ತ ಸೋರಿ ಬಾವು ಬರಬಹುದು.

- ನಿದ್ದೆ ಬರಲೆಂದು ಆಲ್ಪ್ರಜೋಲಾಮ್, ಡಯಜಿಪಾಮ್ ನುಂಗುವುದು. ಸಿರೋಸಿಸ್‌ನಲ್ಲಿ ಹಗಲು ತೂಕಡಿಕೆ, ರಾತ್ರಿ ಎಚ್ಚರ ಎಂಬುದೇ ಮಿದುಳಿಗೆ ತೊಂದರೆ ತಟ್ಟಿದ ಮೊದಲ ಸೂಚನೆಯಾಗಿರಬಹುದು. ನಿದ್ದೆಮಾತ್ರೆ ಅದನ್ನು ಪ್ರಜ್ಞೆ ತಪ್ಪುವ ಮಟ್ಟಕ್ಕೆ ಒಯ್ಯಬಹುದು.

- ನಾಟಿ ಔಷಧ, 'ಲಿವರ್ ಟಾನಿಕ್', ಕಷಾಯದ ಪುಡಿ. ಗಿಡಮೂಲಿಕೆಯಿಂದ ತೊಂದರೆಯಿಲ್ಲ ಎನ್ನುವವರು ಇದನ್ನು ಗಮನಿಸಬೇಕು: ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಗಾಯವಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರ ಇರುತ್ತದೆ. ಕಾಮಾಲೆಗೆಂದು ಕೈಗೆ ಬರೆ ಹಾಕಿಸುವುದಂತೂ ಹಿಂಸೆ, ಸೋಂಕಿಗೆ ದಾರಿ.

- ನೋವು ಮರೆಯಲು ಒಂದು ಪೆಗ್. ಕಾರಣ ಯಾವುದೇ ಇರಲಿ, ಸಿರೋಸಿಸ್ ಬಂದ ಮೇಲೆ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ.

- ಭೇದಿಯಾಗುತ್ತದೆಂದು ಲ್ಯಾಕ್ಟುಲೋಸ್ ಬಿಡುವುದು, ಅಥವಾ ಒಳ್ಳೆಯದೆಂದು ಅತಿಯಾಗಿ ಕುಡಿಯುವುದು. ಗುರಿ ದಿನಕ್ಕೆ 2ರಿಂದ 3 ಸಲ ಮೆತ್ತಗಿನ ಮಲ.

ವೈದ್ಯರ ಬಳಿ ಹೋಗುವ ಮುನ್ನ

ಒಂದು ವಾರ ನೋವಿನ ಟಿಪ್ಪಣಿ ಇಡಿ. ಎಲ್ಲಿ ನೋವು, ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚು, ನಿದ್ದೆ ಕೆಟ್ಟಿತೇ, ಏನು ನುಂಗಿದಿರಿ. ಬೆಳಗಿನ ತೂಕವನ್ನೂ ಬರೆಯಿರಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಸಿರಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲಿ ನೇರವಾಗಿ ಕೇಳಿ: 'ನನಗೆ ನೋವು ಬಂದರೆ ಯಾವ ಮಾತ್ರೆ, ದಿನಕ್ಕೆ ಎಷ್ಟು? ಬರೆದುಕೊಡಿ.' ಹಲ್ಲು ಕೀಳಿಸಲು ಹೋದರೂ, ಮೂಳೆ ವೈದ್ಯರ ಬಳಿ ಹೋದರೂ ಸಿರೋಸಿಸ್ ಇದೆ ಎಂಬ ಮಾತು ಮೊದಲು ಬರಲಿ. ಎಷ್ಟು ಮಾಡಿದರೂ ಬಗ್ಗದ ನೋವಿಗೆ ಪ್ಯಾಲಿಯೇಟಿವ್, ಅಂದರೆ ನೋವು ಶಮನದ ಚಿಕಿತ್ಸೆಯ ವೈದ್ಯರಿದ್ದಾರೆ. ಅವರ ಬಳಿ ಹೋಗುವುದೆಂದರೆ ಕೈಬಿಟ್ಟಂತೆ ಅಲ್ಲ. ಯಕೃತ್ತಿನ ಕಸಿಗಾಗಿ ಕಾಯುತ್ತಿರುವವರೂ ಅವರ ನೆರವು ಪಡೆಯಬಹುದು. ಕಾರಣ ಹೆಪಟೈಟಿಸ್ ಬಿ ಅಥವಾ ಸಿ ಆಗಿದ್ದರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಉಚಿತ.

ಕಾಯಬಾರದ ನೋವು

ಜಲೋದರ ಇರುವವರಿಗೆ ಹೊಟ್ಟೆನೋವು, ಚಳಿಜ್ವರ ಬಂದರೆ ಒಳಗಿನ ನೀರಿಗೆ ಸೋಂಕು ತಗುಲಿರಬಹುದು. ಜ್ವರವೇ ಇಲ್ಲದೆ, ಬರೀ ಮಂಕುತನ ಅಥವಾ ಮೂತ್ರ ಕಡಿಮೆಯಾಗುವುದರಿಂದಲೂ ಈ ಸೋಂಕು ಕಾಣಿಸಿಕೊಳ್ಳುತ್ತದೆ. ಸ್ವಲ್ಪ ನೀರು ತೆಗೆದು ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ, ಅದೇ ದಿನ ಆ್ಯಂಟಿಬಯೋಟಿಕ್ ಶುರುವಾಗಬೇಕು. ಇಂಥ ಹೊಟ್ಟೆನೋವಿಗೆ ಮನೆಯಲ್ಲಿ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಹೊಕ್ಕುಳ ಹರ್ನಿಯಾ ಗಟ್ಟಿಯಾಗಿ, ಕೆಂಪಾಗಿ, ಒಳಗೆ ಹೋಗದೆ ನೋಯುತ್ತಿದ್ದರೆ, ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮಾತು ತೊದಲಿ ಮನೆಯವರ ಗುರುತು ತಪ್ಪಿದರೆ, ದಿನವಿಡೀ ಮೂತ್ರ ತೀರಾ ಕಡಿಮೆಯಾದರೆ, ತಕ್ಷಣ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಹೋಗುವಾಗ ಹಳೆಯ ರಿಪೋರ್ಟುಗಳ ಕಡತ ಮತ್ತು ಮಾತ್ರೆಗಳ ಚೀಲ ಜೊತೆಗಿರಲಿ.